ಮಾತ್ರೆಗೆ ಮುಂಚಿನ ರಕ್ತ

ಎರಡು ಸಾವಿರದ ಇಸವಿಯ ನಂತರದ ಮೊದಲ ಕೆಲವು ವರ್ಷ ನಾನು ಕೊಪ್ಪದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದೆ. ನರಸಿಂಹರಾಜಪುರದಿಂದ ಹೊಲಿಗೆ ಕೆಲಸದ ಹೆಂಗಸೊಬ್ಬಳು ಮೂರು ತಿಂಗಳಿಗೊಮ್ಮೆ ಬರುತ್ತಿದ್ದಳು. ಅವಳಿಗೆ ಅಕ್ಕ ತನ್ನದೊಂದು ಕಿಡ್ನಿ ಕೊಟ್ಟಿದ್ದಳು. ಅದನ್ನು ದೇಹ ಹೊರದಬ್ಬದಿರಲಿ ಎಂದು ದಿನಕ್ಕೆರಡು ಸಲ ಮಾತ್ರೆ. ಆ ಔಷಧಿ ರಕ್ತದಲ್ಲಿ ಎಷ್ಟಿದೆಯೆಂದು ಅಳೆಯಬೇಕಿತ್ತು. ಕಡಿಮೆಯಾದರೆ ಕಿಡ್ನಿ ಉಳಿಯದು, ಹೆಚ್ಚಾದರೆ ಔಷಧಿಯೇ ಅದನ್ನು ಕೆಡಿಸುತ್ತದೆ. ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ; ರಕ್ತವನ್ನು ಐಸ್ ಡಬ್ಬಿಯಲ್ಲಿಟ್ಟು ಮಂಗಳೂರಿನ ಬಸ್ಸಿಗೆ ಹಾಕುತ್ತಿದ್ದೆ. ಒಂದೇ ಕಟ್ಟುಪಾಡು: ಬೆಳಗಿನ ಮಾತ್ರೆ ನುಂಗುವ ಮೊದಲೇ ರಕ್ತ ತೆಗೆಯಬೇಕು.

ಅವಳಿಗೆ ಮಾತು ಇಷ್ಟ. ಒಮ್ಮೆ ನನ್ನ ಅಂಗಿ ತೋಳಿನ ಹೊಲಿಗೆ ನೋಡಿ, "ಇದನ್ನ ಹೊಲ್ದವ್ರಿಗೆ ಸಿಟ್ಟು ಬಂದಿತ್ತು ಕಾಣ್ತದೆ ಮಾರಾಯ್ರೆ" ಎಂದಿದ್ದಳು.

ಒಂದು ಬೆಳಿಗ್ಗೆ ಅವಳ ಬಸ್ ದಾರಿಯಲ್ಲಿ ಕೆಟ್ಟು, ತಡವಾಗಿ ಬಂದಳು. ಮಂಗಳೂರಿನ ಬಸ್ ಹೊರಡುವ ಹೊತ್ತು. ಏನೂ ಕೇಳದೆ ರಕ್ತ ತೆಗೆದೆ. ಸೂಜಿ ತೆಗೆದ ಮೇಲೆ ಅವಳೇ ಹೇಳಿದಳು: "ಹೊತ್ತು ಮೀರ್ತು ಅಂತ ಬಸ್ಸಲ್ಲೇ ಮಾತ್ರೆ ನುಂಗ್ದೆ. ನಾಳೆ ಮತ್ತೆ ಬರ್ಬೇಕಾ? ಮದುವೆ ಮನೆ ರವಿಕೆ ಕೊಡೋದಿತ್ತು."

ಬರಬೇಕು ಎನ್ನುವುದು ನನ್ನ ಕೆಲಸವಾಗಿತ್ತು. "ಒಂದ್ಸಲಕ್ಕೆ ಎಂತ ಆಗ್ತದೆ" ಎಂದುಬಿಟ್ಟೆ. ರಕ್ತದ ಜೊತೆ ಕಳಿಸುವ ಚೀಟಿಯಲ್ಲೂ ಅದನ್ನು ಬರೆಯಲಿಲ್ಲ.

ಆಗಷ್ಟೇ ನುಂಗಿದ ಮಾತ್ರೆಯೂ ಸೇರಿ ವರದಿಯಲ್ಲಿ ಔಷಧಿ ವಿಪರೀತ ಹೆಚ್ಚು ಬಂತು. ಅವಳ ಡಾಕ್ಟರು ಮಾತ್ರೆ ಇಳಿಸಿದರು. ಆಗಲಾದರೂ ಬಾಯಿಬಿಡಬಹುದಿತ್ತು, ಕೆಲಸ ಹೋದೀತೆಂದು ಹೆದರಿದೆ. ಮುಂದಿನ ಪರೀಕ್ಷೆಗೆ ಮೊದಲೇ ಅವಳ ಕಾಲು, ಮುಖ ಊದಿಕೊಂಡವು. ಕಿಡ್ನಿ ಉಳಿಯಲಿಲ್ಲ. ಮತ್ತೆ ಡಯಾಲಿಸಿಸ್. ವರ್ಷ ತುಂಬುವುದರೊಳಗೆ ತೀರಿಕೊಂಡಳು.

ಕೆಲವು ತಿಂಗಳ ಮೇಲೆ ಅವಳ ಅಕ್ಕ ಶೃಂಗೇರಿ ಹತ್ತಿರದ ನೆಮ್ಮಾರಿನಿಂದ ಬಂದಳು. ಉಳಿದ ಒಂದು ಕಿಡ್ನಿ ಸರಿಯಿದೆಯೇ ಎಂದು ನೋಡಿಸಬೇಕಿತ್ತು. ರಬ್ಬರ್ ಪಟ್ಟಿ ಕಟ್ಟುತ್ತಿದ್ದಂತೆ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ.

ಅವಳು ಕೈ ಹಿಂದಕ್ಕೆಳೆಯಲಿಲ್ಲ.

"ಅವತ್ತು ಬಸ್ಸಲ್ಲಿ ನಾನೂ ಇದ್ದೆ, ಅವ್ಳ ಮನೆಯಿಂದ ಊರಿಗೆ ಹೊರಟಿದ್ದೆ. ಅವ್ಳು ಬ್ಯಾಡ ಅಂದ್ಲು. ನುಂಗು ಅಂದದ್ದು ನಾನೇ" ಎಂದಳು.

ಸೂಜಿ ಚುಚ್ಚಿ ರಕ್ತ ತೆಗೆದೆ. ಇಷ್ಟು ದಿನ ಇಬ್ಬರೂ ಅದೊಂದೇ ಬೆಳಗನ್ನು ಬೇರೆ ಬೇರೆ ಊರಲ್ಲಿ ಹೊತ್ತಿದ್ದೆವು.

ಅವಳ ಕಿಡ್ನಿ ಚೆನ್ನಾಗಿತ್ತು. ಸಂಜೆ ಹಾಗೆಂದು ಹೇಳಿ ವರದಿ ಕೊಟ್ಟೆ. ಅವಳು ಬಿಡಿಸಿ ನೋಡಲಿಲ್ಲ, ಚೀಲಕ್ಕೆ ಹಾಕಿಕೊಂಡು, "ಶೃಂಗೇರಿ ಬಸ್ ಇನ್ನೂ ಉಂಟಾ?" ಎಂದಷ್ಟೇ ಕೇಳಿದಳು.