ಹಾಸಿಗೆಯೊಳಗೆ ಆಂಪ್ಲಿಫೈಯರ್

ನಮ್ಮ ಮನೆಯಲ್ಲಿ ಹಗಲು ಹೊತ್ತು ಯಾರೂ ಜೋರಾಗಿ ಮಾತನಾಡುವಂತಿರಲಿಲ್ಲ. ಅಪ್ಪನಿಗೆ ರಾಜಾಜಿನಗರದ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಮೂರನೇ ಶಿಫ್ಟು. ತಗಡನ್ನು ಗುದ್ದಿ ಗುದ್ದಿ ಆಕಾರಕ್ಕೆ ತರುವ ಯಂತ್ರದ ಮುಂದೆ ರಾತ್ರಿಯಿಡೀ ನಿಂತು, ಬೆಳಿಗ್ಗೆ ಬಂದು, ತಿಂಡಿ ತಿಂದು ಒಳಕೋಣೆಯಲ್ಲಿ ಮಲಗಿದರೆ ಮಧ್ಯಾಹ್ನ ಎರಡರವರೆಗೆ ಆ ಕೋಣೆಯ ಪರದೆ ಕೂಡ ಅಲುಗಾಡಬಾರದು. ಪಾತ್ರೆ ಸದ್ದು ಮಾಡಬಾರದು, ಚಿಲಕ ಸದ್ದು ಮಾಡಬಾರದು. ರೇಡಿಯೋ ವಿಷಯವಂತೂ ಎತ್ತಲೇಬಾರದು. "ನಿದ್ದೆಗೆಟ್ಟು ಹೋಗಿ ಪ್ರೆಸ್ಸಿಗೆ ಕೈ ಕೊಟ್ರೆ ಏನೋ ಗತಿ?" ಎನ್ನುತ್ತಿದ್ದಳು ಅಮ್ಮ. ಅಪ್ಪನ ಎಡಗೈ ತೋರುಬೆರಳಿನ ತುದಿ ಆಗಲೇ ಹೋಗಿತ್ತು.

ನಮ್ಮದು ಸಾಲುಮನೆ. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಪಕ್ಕದ ಮನೆಯ ಯಜಮಾನರೂ ಅದೇ ಪ್ರೆಸ್ ಶಾಪಿನವರು, ಆದರೆ ಮೊದಲನೇ ಶಿಫ್ಟು. ಅವರ ಹೆಂಡತಿ ಅಮ್ಮನ ಕಾನೂನನ್ನು ಅಮ್ಮನಿಗಿಂತ ಶ್ರದ್ಧೆಯಿಂದ ಪಾಲಿಸಿ ತಮ್ಮ ಮಕ್ಕಳ ಬಾಯಿ ಮುಚ್ಚಿಸುತ್ತಿದ್ದರು.

ಇಂಥ ಮನೆಯಲ್ಲಿ ನನಗೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹತ್ತಿತ್ತು. ಇಪ್ಪತ್ತು ವಯಸ್ಸು, ಡಿಪ್ಲೊಮಾ ಮುಗಿದಿತ್ತು, ಕೆಲಸವಿರಲಿಲ್ಲ. ವಿಜಯನಗರದ ಒಬ್ಬ ರೇಡಿಯೋ ರಿಪೇರಿಯವರು ಬಲ್ಬಿನ ಹಾಗೆ ಉರಿಯುವ ಹಳೆಯ ರೇಡಿಯೋ ವಾಲ್ವುಗಳನ್ನು ಜೋಡಿಸಿ ನನಗೊಂದು ಆಂಪ್ಲಿಫೈಯರ್ ಕಟ್ಟಿಕೊಟ್ಟಿದ್ದರು. ಸಣ್ಣ ದನಿಯಲ್ಲಿಟ್ಟರೆ ಅದು ಶೀತವಾದವರ ಹಾಗೆ ಮಾತಾಡುತ್ತಿತ್ತು. ವಾಲ್ಯೂಮನ್ನು ಮುಕ್ಕಾಲು ದಾಟಿಸಿದರೆ ಮಾತ್ರ ದನಿ ಹರಿದು, ಒರಟಾಗಿ, ಮೈ ಜುಮ್ಮೆನ್ನುವಂತೆ ಹೊರಡುತ್ತಿತ್ತು. ಗಾಂಧಿನಗರದಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದವರಿಗೆ ಬೇಕಿದ್ದದ್ದು ಆ ದನಿಯೇ. "ಗಿಟಾರ್ ಬಾರಿಸೋರು ಬೇಕಾದಷ್ಟು ಜನ ಇದಾರೆ ಕಣಯ್ಯ. ಆ ಹರ್ಕೊಂಡು ಬರೋ ಸೌಂಡ್ ನಿನ್ ಹತ್ರ ಇದ್ರೆ ಕ್ಯಾಸೆಟ್ ತಂದ್ಕೊಡು. ಶುಕ್ರವಾರ ನಾಲ್ಕು ಗಂಟೆಯೊಳಗೆ. ಇಲ್ಲಾಂದ್ರೆ ಬೇರೆಯವರನ್ನ ಹಾಕ್ಕೋತೀನಿ" ಎಂದಿದ್ದರು. ಸ್ನೇಹಿತನೊಬ್ಬ ಟೇಪ್ ರೆಕಾರ್ಡರ್ ಕೊಟ್ಟಿದ್ದು ಶುಕ್ರವಾರ ಬೆಳಿಗ್ಗೆ, ಮಧ್ಯಾಹ್ನ ಒಂದಕ್ಕೆ ವಾಪಸ್ಸು ಬೇಕೆಂದಿದ್ದ. ಅಂದರೆ ಅಪ್ಪ ಮಲಗಿರುವ ಹೊತ್ತಿನಲ್ಲೇ ಕೆಲಸ ಮುಗಿಯಬೇಕಿತ್ತು.

ಹತ್ತು ಗಂಟೆಗೆ ಅಮ್ಮ ಬಿಂದಿಗೆ ಹಿಡಿದು ಬೀದಿ ನಲ್ಲಿಗೆ ಹೋದಳು. ಮೂಲೆಯಲ್ಲಿ ಸುತ್ತಿಟ್ಟಿದ್ದ ಹಾಸಿಗೆಗಳನ್ನೆಲ್ಲ ನಡುಮನೆಗೆ ಎಳೆದೆ. ಎಲ್ಲವೂ ಹತ್ತಿಯವು, ಹೆಣದಷ್ಟು ಭಾರ. ಒಂದನ್ನು ಹಾಸಿ, ಅದರ ಮೇಲೆ ಆಂಪ್ಲಿಫೈಯರ್ ಇಟ್ಟು, ಸ್ಪೀಕರಿನ ಮುಂದೆ ಮೈಕು ನಿಲ್ಲಿಸಿ, ಸುತ್ತಲೂ ಎರಡು ಹಾಸಿಗೆ ಒತ್ತರಿಸಿ, ಮೇಲೆ ಇನ್ನೊಂದು ಹೊದಿಸಿದೆ. ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಜಮಖಾನ. ಮನೆಯಲ್ಲಿ ಯಾರಿಗೋ ಚಳಿಜ್ವರ ಬಂದಂತಿತ್ತು. ವಾಲ್ಯೂಮನ್ನು ಮೊದಲೇ ತುದಿಗೆ ತಿರುಗಿಸಿಟ್ಟು, ಗೋಡೆಯ ಸ್ವಿಚ್ಚು ಹಾಕಿ, ಉಸಿರು ಬಿಗಿಹಿಡಿದು ಒಂದು ತಂತಿ ಮೀಟಿದೆ.

ಹಾಸಿಗೆಯ ಹೊಟ್ಟೆಯೊಳಗಿಂದ ಗುರ್ರ್ ಎಂದಿತು, ಅಷ್ಟೇ. ಪರದೆಯ ಕಡೆ ನೋಡಿದೆ. ಅಪ್ಪ ಏಳಲಿಲ್ಲ.

ಎರಡು ನಿಮಿಷ ಬಾರಿಸಿ, ಟೇಪು ಹಿಂದಕ್ಕೆ ಸುತ್ತಿ, ಕಿವಿಗೊತ್ತಿಕೊಂಡು ಕೇಳಿದೆ. ಬಾಯಿಗೆ ಬಟ್ಟೆ ತುರುಕಿದಂಥ ದನಿ. ಮೈಕು ಹಾಸಿಗೆಗೆ ತಾಗಿತ್ತು. ಕೈ ತೂರಿಸಿ ಸರಿಪಡಿಸಿ ಮತ್ತೆ ಬಾರಿಸಿದೆ. ನಡುವೆ ತಪ್ಪಿದೆ. ಇನ್ನೊಂದು ಸಲ ಬಾರಿಸಿದೆ. ಪ್ರತಿ ಸಲವೂ ಪರದೆ ನೋಡುವುದು, ಬೆವರು ಒರೆಸಿಕೊಳ್ಳುವುದು. ಅಪ್ಪ ಎದ್ದರೆ ಬೈಗುಳ ಹೇಗೋ ನುಂಗಬಹುದಿತ್ತು. ಆದರೆ ನಿದ್ದೆಯಿಲ್ಲದೆ ಆ ರಾತ್ರಿ ಅವರು ಯಂತ್ರದ ಬಾಯಿಗೆ ಕೈ ಚಾಚುವುದು ಕಣ್ಣ ಮುಂದೆ ಬರುತ್ತಿತ್ತು. ಆದರೂ ನಿಲ್ಲಿಸಲಿಲ್ಲ. ಅಷ್ಟು ಸ್ವಾರ್ಥಿ ನಾನು.

ಐದನೆಯ ಸಲ ಬೆರಳು ಹೇಳಿದಂತೆ ಕೇಳಿತು. ಇದೇ, ಇದೇ ಎಂದುಕೊಳ್ಳುವಷ್ಟರಲ್ಲಿ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಜಮಖಾನದ ಅಂಚಿನಿಂದ ಹೊಗೆ ಬರುತ್ತಿತ್ತು. ವಾಲ್ವು ಎಷ್ಟು ಕಾಯುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಚಳಿಗಾಲದಲ್ಲಿ ಅದರ ಮುಂದೆ ಕೈ ಕಾಯಿಸಿಕೊಂಡವನೇ ನಾನು. ಅಂಥದನ್ನು ಹತ್ತಿಯೊಳಗೆ ಹುಗಿದಿದ್ದೆ.

ಬುದ್ಧಿ ಇದ್ದವನಾದರೆ ಮೊದಲು ಗೋಡೆಯ ಸ್ವಿಚ್ಚು ಆರಿಸುತ್ತಿದ್ದ. ನಾನು ಹಾಸಿಗೆ ಎಳೆದೆ. ಗಿಟಾರು ಇನ್ನೂ ಕೊರಳಲ್ಲಿತ್ತು, ವಾಲ್ಯೂಮು ತುದಿಯಲ್ಲಿತ್ತು. ಸ್ಪೀಕರಿನ ಬಾಯಿ ತೆರೆದದ್ದೇ ತಡ, ಅದು ಊಳಿಟ್ಟಿತು. ಹೆಂಚು ಅದುರಿತು, ಗೂಡಿನಲ್ಲಿದ್ದ ಲೋಟ ಉರುಳಿತು. ಸ್ವಿಚ್ಚಿನ ಬಳಿ ಹಾರಿ ಅದನ್ನು ಆರಿಸುವಷ್ಟರಲ್ಲಿ ಇಡೀ ಬೀದಿಗೆ ಕೇಳಿ ಮುಗಿದಿತ್ತು.

ಅಪ್ಪನ ಕೂಗಿಗಾಗಿ ಕಾದೆ. ಬರಲಿಲ್ಲ.

ಪರದೆ ಸರಿಸಿದೆ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕದಲಲಿಲ್ಲ. ಹೋಗಿಬಿಟ್ಟರೇ ಎಂದು ಎದೆ ನೋಡಿದೆ. ಅದು ನಿಧಾನವಾಗಿ ಏರಿ ಇಳಿಯುತ್ತಿತ್ತು. "ಅಪ್ಪಾ" ಎಂದೆ. ಇನ್ನೂ ಜೋರಾಗಿ "ಅಪ್ಪಾ" ಎಂದೆ.

ಹಿಂದಿನಿಂದ ಯಾರೋ ರಟ್ಟೆ ಹಿಡಿದು ಎಳೆದರು. ಅಮ್ಮ. ಬಾಗಿಲಿಗೆ ಚಿಲಕ ಹಾಕಿ, ಬಿಂದಿಗೆಯ ನೀರನ್ನು ಹೊಗೆಯಾಡುತ್ತಿದ್ದ ಹಾಸಿಗೆಗೆ ಸುರಿದೇ ಬಂದಿದ್ದಳು.

"ಕೂಗ್ಬೇಡ" ಎಂದು ಪಿಸುಗುಟ್ಟಿದಳು. "ಅವರಿಗೆ ಕೇಳ್ಸಲ್ಲ."

"ಏನು ಕೇಳ್ಸಲ್ಲ?"

"ಎರಡು ವರ್ಷ ಆಯ್ತು. ತುಟಿ ನೋಡ್ಕೊಂಡು ಮಾತಾಡ್ತಾರೆ. ಕಾರ್ಖಾನೇಲಿ ಗೊತ್ತಾದ್ರೆ ಅನ್‌ಫಿಟ್ ಅಂತ ಬರೆದು ಮನೆಗೆ ಕಳಿಸ್ತಾರೆ. ಹೋದ ವರ್ಷ ಒಬ್ಬರನ್ನ ಕಳಿಸಿದ್ರು."

"ಮತ್ತೆ ಈ ಸದ್ದು ಮಾಡ್ಬೇಡ, ಸದ್ದು ಮಾಡ್ಬೇಡ ಅನ್ನೋದು?"

"ಮೊದಲು ನಿದ್ದೆಗೋಸ್ಕರಾನೇ ಇತ್ತು. ಆಮೇಲೆ ನಿಲ್ಸಿದ್ರೆ ಜನ ಯಾಕೆ ಅಂತ ಕೇಳಲ್ವೇನೋ?"

ತಂತಿ ಒಂದು ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಹಿಡಿಯುತ್ತೇನೆಂದು ಬೀಗುತ್ತಿದ್ದವನು ನಾನು. ಅಮ್ಮ ಅಪ್ಪನನ್ನು ಎಂದೂ ಕರೆದು ಎಬ್ಬಿಸದೆ ಕಾಲು ಮುಟ್ಟಿಯೇ ಎಬ್ಬಿಸುತ್ತಿದ್ದಳು. ಅವರನ್ನು ಕೇಳಿದ ಪ್ರಶ್ನೆಗೆಲ್ಲ ತಾನೇ ಉತ್ತರ ಕೊಡುತ್ತಿದ್ದಳು. ನನಗೆ ಒಂದೂ ಹೊಳೆದಿರಲಿಲ್ಲ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ಅಷ್ಟರಲ್ಲಿ ಬಾಗಿಲ ಹೊರಗೆ ಪಕ್ಕದ ಮನೆಯಾಕೆಯ ದನಿ. "ಏನ್ರೀ ಅದು ಸದ್ದು? ನಮ್ಮನೆ ಮಗು ಬೆಚ್ಚಿಬಿದ್ದು ಅಳ್ತಾ ಇದೆ. ಪಾಪ, ನಿಮ್ಮೆಜಮಾನ್ರಿಗೆ ಎಚ್ಚರ ಆಗೋಯ್ತೇನೋ?"

ಅಮ್ಮ ಒಂದು ಕ್ಷಣವೂ ತಡವರಿಸಲಿಲ್ಲ. "ಆಗ್ದೆ ಇರುತ್ತೇನ್ರೀ? ಎದ್ದು ಕೂತಿದಾರೆ. ಇವನಿಗೆ ಮಾಡ್ತಾ ಇದಾರೆ ನೋಡಿ ಮಂಗಳಾರತಿ."

ಹೊರಗೆ ಅವರು ಹೋಗದೆ ನಿಂತರು. ಮಂಗಳಾರತಿ ಕೇಳಿಸಲಿ ಎಂದು ಕಾಯುತ್ತಿದ್ದರೋ ಏನೋ. ಅಮ್ಮ ನನ್ನನ್ನೇ ನೋಡಿದಳು. ಕ್ಯಾಸೆಟ್ಟಿಗೆ ಇನ್ನೂ ಸಮಯವಿತ್ತು, ಆಂಪ್ಲಿಫೈಯರೂ ಕೆಟ್ಟಿರಲಿಲ್ಲ. ಹಾಸಿಗೆ, ಕಂಬಳಿ ಏನೂ ಬೇಡದೆ ಎಷ್ಟು ಜೋರಾಗಿ ಬೇಕಾದರೂ ಬಾರಿಸಬಹುದಿತ್ತು, ಅಪ್ಪ ಏಳುತ್ತಿರಲಿಲ್ಲ. ಆದರೆ ಅಷ್ಟು ಸದ್ದಿಗೂ ಅವರು ಏಳಲಿಲ್ಲ ಎಂಬುದು ಗೋಡೆಯಾಚೆಗೂ, ಅಲ್ಲಿಂದ ಪ್ರೆಸ್ ಶಾಪಿಗೂ ತಲುಪುತ್ತಿತ್ತು.

ನಾನು ಅಪ್ಪನ ತಲೆದೆಸೆಗೆ ಹೋಗಿ ನಿಂತೆ. ಹೊರಗೆ ಕೇಳಿಸುವಷ್ಟು ಗಟ್ಟಿಯಾಗಿ, "ತಪ್ಪಾಯ್ತಪ್ಪಾ, ಇನ್ಮೇಲೆ ಮನೇಲಿ ಬಾರಿಸಲ್ಲ, ಬೈಬೇಡಪ್ಪಾ" ಎಂದೆ. ಸಾಕಾಗಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ನಿಜವಾಗಿಯೂ ಅತ್ತುಬಿಟ್ಟೆ. ಹೊರಗೆ ಪಕ್ಕದ ಮನೆಯವರು "ಹೋಗ್ಲಿ ಬಿಡಿ, ಹುಡುಗ ಅಳ್ತಾ ಇದಾನೆ" ಎಂದು ಹೇಳಿ ಹೋದರು. ಅಪ್ಪ ಎರಡು ಗಂಟೆಯವರೆಗೆ ಮಲಗಿದ್ದರು.