ಗೂಡಿನಲ್ಲಿದ್ದ ಎರಡು ಲೋಟ

ಥೈರಾಯ್ಡ್ ಕಾಯಿಲೆಗೆಂದು ಮೈಸೂರಿನ ಆಸ್ಪತ್ರೆಯಲ್ಲಿ ನನಗೆ ವಿಕಿರಣಶೀಲ ಅಯೋಡಿನ್ ಕುಡಿಸಿ ಕಳಿಸಿದರು. ಸ್ವಲ್ಪ ಕಾಲ ಮಕ್ಕಳನ್ನು ಹತ್ತಿರ ಸೇರಿಸಬೇಡಿ, ತಟ್ಟೆ ಲೋಟ ಬೇರೆ ಇಟ್ಟುಕೊಳ್ಳಿ ಎಂದರು. ಚಾಮರಾಜನಗರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು ನಾನು. ಈ ಅಯೋಡಿನ್ ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತದೆಂದು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಈಗ ಅದು ನನ್ನ ಕುತ್ತಿಗೆಯಲ್ಲೇ ಇತ್ತು. ವಿಕಿರಣ ಅಳೆಯಲು ಲ್ಯಾಬಿನ ಗೈಗರ್ ಕೌಂಟರನ್ನು ಬೇಗೂರಿನ ನಮ್ಮ ಮನೆಗೆ ತರಿಸಿಕೊಂಡೆ. ದಿನಾ ಬೆಳಿಗ್ಗೆ ಕುತ್ತಿಗೆಗೆ ಹಿಡಿದು, ನಿಮಿಷಕ್ಕೆ ಎಷ್ಟು ಸಲ ಟಿಕ್ ಎನ್ನುತ್ತದೆಂದು ಎಣಿಸುತ್ತಿದ್ದೆ.

ಅತ್ತೆ ನನ್ನ ಲೋಟವನ್ನು ಹಿತ್ತಿಲ ಗೋಡೆಯ ಗೂಡಿನಲ್ಲಿಟ್ಟರು. ಅಲ್ಲಿ ಮೊದಲಿನಿಂದಲೂ ಇನ್ನೊಂದು ಲೋಟವಿತ್ತು. ನಮ್ಮ ಚೆಂಡುಹೂವಿನ ಹೊಲಕ್ಕೆ ಕೂಲಿಗೆ ಬರುವ, ಕೇರಿಯ ಹೆಂಗಸಿನದು. ಅವಳು ಅದರಲ್ಲೇ ಟೀ ಕುಡಿದು ತಾನೇ ತೊಳೆದಿಡುತ್ತಾಳೆ. ನಾನು ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ, ಒಂದು ದಿನವೂ ಯಾಕೆಂದು ಕೇಳಿರಲಿಲ್ಲ.

"ನನ್ನ ಲೋಟಾನ ಅಲ್ಯಾಕೆ ಇಟ್ರಿ?" ಎಂದು ರೇಗಿದೆ.

"ಬ್ಯಾರೆ ಮಡಗಿ ಅಂದೋಳು ನೀನೆ ತಾನೆ ಕಣಮ್ಮಿ?" ಎಂದರು ಅತ್ತೆ.

ಅವಳು ಅಲ್ಲೇ ಕೂತು ಟೀ ಕುಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

ಟಿಕ್ ಸದ್ದು ವಾರದಿಂದ ವಾರಕ್ಕೆ ಇಳಿಯಿತು. ಕೌಂಟರ್ ಯಾವತ್ತೂ ಪೂರ್ತಿ ಸುಮ್ಮನಾಗುವುದಿಲ್ಲ. ಮಣ್ಣಿನಿಂದ, ಗೋಡೆಯಿಂದ, ಆಕಾಶದಿಂದ ಚೂರುಪಾರು ವಿಕಿರಣ ಬರುತ್ತಲೇ ಇರುತ್ತದೆ. ಕಡೆಗೊಂದು ಬೆಳಿಗ್ಗೆ ನನ್ನ ಕುತ್ತಿಗೆಗೂ ಬರಿ ಗೋಡೆಗೂ ವ್ಯತ್ಯಾಸವೇ ಇರಲಿಲ್ಲ. ಖುಷಿ ತಡೆಯಲಾಗದೆ ಕೌಂಟರ್ ಹಿಡಿದುಕೊಂಡೇ ಲೋಟ ತರಲು ಹಿತ್ತಿಲಿಗೆ ಹೋದೆ. ಅಲ್ಲಿ ಟೀಗೆ ಕೂತಿದ್ದ ಅವಳಿಗೂ ಕೌಂಟರ್ ತೋರಿಸಿ ಹೇಳಿದೆ, ನನ್ನ ಮೈಯಲ್ಲಿದ್ದದ್ದು ಹೋಯಿತು ಎಂದು.

"ನನ್ ಲೋಟಕ್ಕೂ ಇಟ್ಟು ನೋಡಿ ಅವ್ವೋರೆ, ಎಷ್ಟದ ಅಂತ" ಎಂದಳು.

ಮಾತಿನಲ್ಲಿ ಕೊಂಕಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಇಷ್ಟು ವರ್ಷ ಆ ಲೋಟದಲ್ಲಿ ಏನೋ ಇದೆ ಎಂದುಕೊಂಡಿದ್ದಳೋ ಏನೋ. ಹಿಡಿದು ನೋಡಿದೆ. ಗೋಡೆಗೆ ಬಂದಷ್ಟೇ ಬಂತು.

"ಏನೂ ಇಲ್ಲ" ಎಂದೆ.

"ಯಾನೂ ಇಲ್ವ? ಅಂಗಾದ್ರ ನಂದೂವೆ ಒಳಕ್ ಮಡಗ್ಬುಡಿ."

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತು ನನ್ನನ್ನೇ ನೋಡುತ್ತಿದ್ದರು. ಕೌಂಟರನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಎರಡೂ ಲೋಟ ಕೈಗೆತ್ತಿಕೊಂಡೆ. ಬರೆಯುವುದಕ್ಕೂ ನಾಚಿಕೆಯಾಗುತ್ತದೆ. ನನ್ನದನ್ನು ಒಳಗೆ ಒಯ್ದೆ. ಅವಳದನ್ನು ಗೂಡಿನಲ್ಲೇ ಇಟ್ಟೆ.

ಮರುದಿನವೂ ಅವಳು ಬಂದಳು. ಟೀ ಕುಡಿದು, ಲೋಟ ತೊಳೆದು ಗೂಡಿನಲ್ಲಿಟ್ಟು, ಎಂದಿನಂತೆ ನನ್ನನ್ನು ನೋಡಿ ನಕ್ಕಳು. ನಾನು ಮುಖ ತಿರುಗಿಸಿಕೊಂಡೆ.