ಒಂದೊಂದೇ ಬದಲಿಸಿ ನೋಡು

ಇವತ್ತು ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದಾಗ ಇಡ್ಲಿ ಹಿಟ್ಟಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯ ಅಕ್ಕ ನೆನಪಾದರು...

ನಾನು ಮದುವೆಯಾಗಿ ಕಬಕದ ಬಾಡಿಗೆ ಮನೆಗೆ ಬಂದ ಮರುವರ್ಷ ಅವರು ಪಕ್ಕಕ್ಕೆ ಬಂದರು. ರವಿಕೆ ಹೊಲಿಯುತ್ತಿದ್ದರು. ಮಕ್ಕಳಿರಲಿಲ್ಲ. ನನಗೆ ಕಾನ್ವೆಂಟಿನಲ್ಲಿ ಕಸೂತಿ ಕಲಿಸಿದ್ದರು, ಇಡ್ಲಿ ಕಲಿಸಿರಲಿಲ್ಲ. ಅಕ್ಕಿ, ಉದ್ದು, ಪಾತ್ರೆ ಎಲ್ಲ ಬದಲಿಸಿದರೂ ಇಡ್ಲಿ ಕಲ್ಲೇ. ಅಕ್ಕ ಒಂದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು.

“ಇದನ್ನು ನಾಯಿಗೆ ಬಿಸಾಡಬೇಡ ಮಾರಾಯ್ತಿ, ತಲೆ ಒಡೆದೀತು! ಎಲ್ಲ ಒಟ್ಟಿಗೆ ಬದಲಿಸಿದರೆ ತಪ್ಪು ಎಲ್ಲಿ ಉಂಟೂಂತ ಹೇಗೆ ಗೊತ್ತಾಗುದು? ಒಂದೊಂದೇ ಬದಲಿಸಿ ನೋಡು.”

ಮೂರನೆಯ ದಿನ ತಪ್ಪು ಸಿಕ್ಕಿತು. ಉದ್ದು ಅರೆದದ್ದೇ ಸಾಲುತ್ತಿರಲಿಲ್ಲ. ಅತ್ತೆಯ ತಲೆನೋವಿಗೆ ಹೊಸ ಸೊಳ್ಳೆಬತ್ತಿ ಕಾರಣವೆಂದು, ನಾಲ್ಕು ದಿನ ಹಚ್ಚಿಸದೆ, ಮತ್ತೆ ಹಚ್ಚಿಸಿ ತೋರಿಸಿಕೊಟ್ಟವರೂ ಅವರೇ. ಅತ್ತೆ ಆಗ ಅವರನ್ನು ಹೊಗಳಿದ್ದೇ ಹೊಗಳಿದ್ದು.

ಆಮೇಲೆ ನನಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಅತ್ತೆ ಜೋಯಿಸರಲ್ಲಿ ಹೋಗಿ ಪ್ರಶ್ನೆ ಇಡಿಸಿದರು. ಮಕ್ಕಳಿಲ್ಲದವಳ ಕಣ್ಣು ತಾಗಿದೆ, ಹತ್ತಿರದವಳೇ, ಎಂದು ಕವಡೆಯಲ್ಲಿ ಕಂಡಿತಂತೆ.

ಮರುದಿನ ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದಾಗ ಅತ್ತೆ ಅಡ್ಡ ನಿಂತರು.

“ಒಳಗೆ ಬರುದು ಬೇಡ. ನೀನು ಬಂದ ಮೇಲೆಯೇ ಈ ಮನೆಯಲ್ಲಿ ಹೀಗೆ ಆಗುದು.”

ಅದು ಸುಳ್ಳೆಂದು ನನಗೆ ಗೊತ್ತಿತ್ತು. ಅಕ್ಕ ಆ ಮನೆಗೆ ಬರುವ ಮೊದಲೇ ನನಗೆ ಎರಡು ತಿಂಗಳ ಬಸಿರೊಂದು ಹೋಗಿತ್ತು. ಹೆದರಿ ಅತ್ತೆಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ಹೇಳಿದ್ದು ಅಕ್ಕನ ಹತ್ತಿರ ಮಾತ್ರ.

ಅಕ್ಕ ಜಗಳ ಮಾಡಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳಿನಿಂದ ಸೆರಗಿನ ಅಂಚು ಹಿಡಿದುಕೊಂಡು ನನ್ನನ್ನು ನೋಡಿದರು. “ನಾನು ಬರುವ ಮೊದಲು ಎಂತ ಆಗಿತ್ತೂಂತ ಅವಳೇ ಹೇಳಲಿ.”

ಅತ್ತೆ ನನ್ನ ಕಡೆ ತಿರುಗಿದರು. “ಎಂತ ಆಗಿತ್ತು?”

“ಎಂತ ಇಲ್ಲ ಅತ್ತೆ,” ಎಂದೆ.

ಅಕ್ಕನೇ ಬಾಯಿಬಿಡಬಹುದಿತ್ತು. ಬಿಡಲಿಲ್ಲ... ಕೇರಿಯಲ್ಲಿ ಮಾತು ಹಬ್ಬಿತು. ರವಿಕೆ ಕೊಡುವವರು ನಿಂತರು, ಕೂಸುಗಳನ್ನು ಎತ್ತಿಕೊಂಡವರು ಅವರ ಜಗಲಿ ದಾಟುವಾಗ ಸೆರಗು ಮುಚ್ಚತೊಡಗಿದರು. ಆ ತಿಂಗಳೇ ಅವರು ಕಡಬಕ್ಕೆ ಹೋದರು. ಜೀಪಿಗೆ ಹತ್ತುವ ಮುಂಚೆ ನನಗೆ ಹೇಳಿದ್ದು ಇಷ್ಟೇ: “ನಿನ್ನ ಕುತ್ತಿಗೆ ಊದಿದ ಹಾಗೆ ಕಾಣ್ತದೆ, ಥೈರಾಯಿಡ್ ಒಂದು ಪರೀಕ್ಷೆ ಮಾಡಿಸು. ಮರೀಬೇಡ.”

ಮಾಡಿಸಿದೆ. ದೋಷ ಇದ್ದದ್ದು ಅಲ್ಲಿಯೇ. ಮಾತ್ರೆ ಶುರುವಾದ ಮರುವರ್ಷ ಮಗಳು ಹುಟ್ಟಿದಳು. ಮಾತ್ರೆಯ ಲೆಕ್ಕವನ್ನು ಅತ್ತೆ ಇಡಲೇ ಇಲ್ಲ. ಅಕ್ಕ ಹೋದದ್ದರ ಲೆಕ್ಕ ಮಾತ್ರ ಇಟ್ಟರು. ತಿದ್ದಬೇಕಾದವಳು ನಾನು ತೊಟ್ಟಿಲು ತೂಗುತ್ತ ಕುಳಿತೆ. ಒಂದು ಸಲ ಕಡಬಕ್ಕೆ ಹೋಗಿ ಕ್ಷಮೆ ಕೇಳಬೇಕೆಂದು ಎಷ್ಟು ವರ್ಷ ಎಣಿಸಿದೆ... ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿಯೂ ಅಲ್ಲ.

ಕಳೆದ ವಾರ ಆ ಕಡೆಯಿಂದ ಬಂದವರೊಬ್ಬರು ಅಕ್ಕ ತೀರಿಕೊಂಡರೆಂದರು. ಇನ್ನು ನಾನು ಹೋಗುವುದಾದರೂ ಯಾರ ಬಳಿಗೆ?

ಇವತ್ತು ಮಧ್ಯಾಹ್ನ ಊಟಕ್ಕೆ ಕುಳಿತಾಗ ಅತ್ತೆ ಆ ಮಾತು ಎತ್ತಿದರು. “ಪಾಪ, ಸತ್ತವರ ಬಗ್ಗೆ ಹೇಳಬಾರದು. ಆದರೂ ಅವಳು ಹೋದ ಮೇಲೆಯೇ ಅಲ್ವಾ ಈ ಮಗು ನಮಗೆ ದಕ್ಕಿದ್ದು?”

ಹತ್ತನೇ ತರಗತಿಯ ಮಗಳು ತುತ್ತು ನಿಲ್ಲಿಸಿ ನನ್ನ ಮುಖ ನೋಡಿದಳು. “ಹೌದಾ ಅಮ್ಮ?”

“ಊಟ ಮಾಡು,” ಎಂದೆ. “ಸಾರು ತಣಿತದೆ.”